ಕಾಕಾ ಕಟ್ಟಿದ ಹಸಿರು ಗುಮ್ಮಟ

ದಸ್ತಗೀರ ಕಾಕಾ, ಆ ವರ್ಷದ ಮೊಹರಮ್ಮಿನಲ್ಲಿ ನಿಮ್ಮ ಕಾಗದದ ಗುಮ್ಮಟ ಬಾಯಿಬಿಟ್ಟಿತಲ್ಲ — ಅದನ್ನು ಬ್ಲೇಡಿನಿಂದ ಕೊಯ್ದವನು ನಾನು.

ಕುಡಚಿಯ ನಿಮ್ಮ ಪಡಸಾಲೆಯಲ್ಲಿ, ಮೆರವಣಿಗೆಯಲ್ಲಿ ಹೊರುವ ಗೋರಿಯಾಕಾರದ ತಾಬೂತಿನ ಬಿದಿರು ಚೌಕಟ್ಟು ನಾನು ಕಟ್ಟುತ್ತಿದ್ದೆ. ಮೇಲಿನ ಗುಮ್ಮಟ ಮಾತ್ರ ನಿಮ್ಮದೇ. ದೀಪಾವಳಿಗೆ ಆಕಾಶಬುಟ್ಟಿ ಮಾಡಿ ಮಾರುವ ನನಗೂ ಕಾಗದದ ಕೆಲಸ ಗೊತ್ತೆಂಬ ಜಂಬವಿತ್ತು. ಆದರೆ ನಿಮ್ಮ ಗುಮ್ಮಟದ ಮೇಲೆ ಬೆರಳಾಡಿಸಿದರೆ ಕಾಗದದ ಒಂದು ಎಸಳು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೋ — ಊಹೂಂ, ತಿಳಿಯುತ್ತಲೇ ಇರಲಿಲ್ಲ. ಕೇಳಬಹುದಿತ್ತು. ಕೇಳಿದ್ದರೆ ಹೇಳುತ್ತಿದ್ದಿರಿ. ಕೇಳಿದರೆ ಸಣ್ಣವನಾಗುತ್ತೇನೆ ಅನಿಸಿತು.

ನೀವು ನಮಾಜಿಗೆ ಹೋದಾಗ ಅಂಟಿಸಿದ ಒಂದು ಗೆರೆಯನ್ನು ಹುಡುಕಿ ಬ್ಲೇಡಿನಿಂದ ಕೊಯ್ದು ಬಿಡಿಸಿ, ಒಳಗೆ ಇಣುಕಿದೆ. ದೇವರೇ — ಯಾರೂ ನೋಡದ ಒಳಮೈಯೂ ಹೊರಮೈಯಷ್ಟೇ ಚೊಕ್ಕ! ಪ್ರತಿ ಎಸಳಿನ ಅಂಚಿಗೂ ಅಕ್ಕಿಕಾಳಿನಂಥ ಹಲ್ಲು ಕತ್ತರಿಸಿ, ಒಳಕ್ಕೆ ಮಡಿಸಿ ಅಂಟಿಸಿದ್ದಿರಿ. ಕಾಗದದ ಬಿಳಿ ಅಂಚು ಕಾಣದಂತೆ ಅದಕ್ಕೂ ಹಸಿರು ತೀಡಿದ್ದಿರಿ. ಕಣ್ಣಲ್ಲಿ ನೀರು ಬಂತು, ಕಾಕಾ. ಮನುಷ್ಯರ ಕೈ ಇಂಥದ್ದನ್ನೂ ಮಾಡುತ್ತದೆಯೇ ಎಂದು ಮೈಮರೆತು ನೋಡುತ್ತಲೇ ನಿಂತೆ.

ಅಷ್ಟರಲ್ಲಿ ನಿಮ್ಮ ಚಪ್ಪಲಿಯ ಸಪ್ಪಳ. ಅವಸರದಲ್ಲಿ ಹಳೆಯ ಅಂಟನ್ನು ಕೆರೆದು ತೆಗೆಯದೆ ಅದರ ಮೇಲೇ ಹೊಸದನ್ನು ಬಳಿದು, ಗೆರೆಗೆ ಹಸಿರು ಒರೆಸಿದೆ. ನಿಮ್ಮ ಕಣ್ಣಿಗೂ ಅದು ಬೀಳಲಿಲ್ಲ.

ಮರುದಿನ ಮೆರವಣಿಗೆ ಹೊಳೆಯ ಹಾದಿ ಹಿಡಿದಾಗ, ಗಾಳಿಗೆ ಆ ಗೆರೆ ಪಟ್ಟನೆ ಬಿಚ್ಚಿ ಗುಮ್ಮಟ ಜೋತುಬಿತ್ತು. "ಕಾಕಾಗ ವಯಸ್ಸಾತು, ಕೈ ನಡಗಾಕತ್ತಾವ," ಅಂದರು ಜನ. ನೀವು ನಿಮ್ಮ ಕೈಗಳನ್ನೇ ನೋಡಿಕೊಂಡಿರಿ. ಪಕ್ಕದಲ್ಲೇ ಇದ್ದ ನಾನು — ಜೋತ ಗುಮ್ಮಟವನ್ನು ಎತ್ತಿ ಹಿಡಿದುಕೊಂಡು ನಡೆದೆ.

ಮನೆಗೆ ಬಂದ ಮೇಲೆ ನೀವೇ ಅಂದಿರಿ: "ಅಪ್ಪಾಸಾಬ, ನನ್ನ ಕೈ ಇನ್ನ ನಂಬಾಕ ಆಗಂಗಿಲ್ಲಪಾ. ಮುಂದಿನ ವರ್ಷದಿಂದ ಗುಮ್ಮಟ ನೀನ ಮಾಡು."

ಕಳ್ಳನ ಕೈಗೇ ಬೀಗದಕೈ ಕೊಟ್ಟಿರಿ. "ಹೂಂರಿ ಕಾಕಾ," ಅಂದೆ. ಅಂದೇಬಿಟ್ಟೆ...

ಈಗ ಪ್ರತಿ ವರ್ಷ ನಾನೇ ಕಟ್ಟುತ್ತೇನೆ, ಜನ ಹೊಗಳುತ್ತಾರೆ. ನಿಮ್ಮ ಕೆಲಸದ ಹತ್ತಿರಕ್ಕೂ ಅದು ಬಂದಿಲ್ಲವೆಂದು ನನಗೆ ಗೊತ್ತು. ನೀವು ಗೋಡೆಗೊರಗಿ ನೋಡುತ್ತೀರಿ. ಚಹಾದ ಕಪ್ಪನ್ನೂ ಎರಡೂ ಕೈಯಲ್ಲಿ ಹಿಡಿಯುತ್ತೀರಿ, ಚೆಲ್ಲೀತೆಂದು. ಒಂದು ಹನಿ ಚೆಲ್ಲಿದ್ದನ್ನೂ ನಾನು ಕಂಡಿಲ್ಲ.

ನಾಳೆ ತಾಬೂತಿನ ಕೆಲಸಕ್ಕೆ ಎಲ್ಲರೂ ಕೂಡುತ್ತಾರೆ. ಅಂದು ಆಡಿಕೊಂಡವರ ಎದುರಿಗೇ ಇದನ್ನೆಲ್ಲ ಹೇಳುತ್ತೇನೆ. ನೀವು ಕ್ಷಮಿಸಬೇಕೆಂದು ಅಲ್ಲ. ನಿಮ್ಮ ಕೈ ಎಂದೂ ನಡುಗಿರಲಿಲ್ಲ, ಕಾಕಾ.