ನಮ್ಮ ಮನೆಗೆ ಒಪ್ಪಿದ ಡಾಕ್ಟರಮ್ಮ

ಅವರ ಎಡಹುಬ್ಬು ಪೂರ್ತಿ ಬಿಳಿ, ಬಲಹುಬ್ಬು ಕಾಡಿಗೆಯಷ್ಟು ಕಪ್ಪು. ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಎದುರಿಗಿದ್ದವರು ಮಾತು ಮುಗಿಸುವವರೆಗೂ ಬಾಯಿ ತೆರೆಯುತ್ತಿರಲಿಲ್ಲ. ಹತ್ತು ವರ್ಷದ ನನಗೆ ಯಾವ ಹುಬ್ಬನ್ನು ನೋಡಬೇಕೆಂದೇ ತಿಳಿಯುತ್ತಿರಲಿಲ್ಲ.

ಆ ಡಾಕ್ಟರಮ್ಮ ನಮಗೆ ಸಿಕ್ಕಿದ್ದು ಎಪ್ಪತ್ತರ ದಶಕದ ಆರಂಭದಲ್ಲಿ, ಕಲ್ಕತ್ತೆಯಲ್ಲಿ. ಕೇಂದ್ರ ಸರ್ಕಾರದ ಕಚೇರಿಯಲ್ಲಿದ್ದ ಅಪ್ಪನಿಗೆ ಮೈಸೂರಿಗೆ ವರ್ಗವಾಗುವ ಅವಕಾಶ ಬಂದಿತ್ತು. ಕಲ್ಕತ್ತೆಯಲ್ಲೇ ಸಿಗಬಹುದಾದ ಬಡ್ತಿಯ ಆಸೆಗೆ ಬಿದ್ದು, ಅಮ್ಮನಿಗೆ ಒಂದು ಮಾತೂ ಹೇಳದೆ, ಬೇಡವೆಂದು ಬರೆದುಕೊಟ್ಟುಬಿಟ್ಟ. ಲೇಕ್ ಮಾರ್ಕೆಟ್ಟಿನಲ್ಲಿ ಕಾಫಿಪುಡಿ ಕೊಳ್ಳುವಾಗ ಅಪ್ಪನ ಸಹೋದ್ಯೋಗಿಯ ಹೆಂಡತಿಯ ಬಾಯಿಂದ ಅಮ್ಮನಿಗೆ ವಿಷಯ ಗೊತ್ತಾಯಿತು. ಅಂದಿನಿಂದ ಅವಳು ಅವನ ಜೊತೆ ಮಾತು ಬಿಟ್ಟಳು.

"ಸಾರು ಬೇಕಾ ಅಂತ ನಿಮ್ಮಪ್ಪನ್ನ ಕೇಳು" ಎನ್ನುತ್ತಿದ್ದಳು. ಅಪ್ಪ ಎದುರಿಗೇ ಕೂತಿರುತ್ತಿದ್ದ. "ಸಾಕು ಅಂತ ಹೇಳು" ಎನ್ನುತ್ತಿದ್ದ ಅವನೂ. ಐದು ತಿಂಗಳು ಹೀಗೇ ನಡೆಯಿತು. ಬೇಸಿಗೆ ರಜೆಗೆ ನನ್ನನ್ನು ಕರೆದುಕೊಂಡು ತವರಿಗೆ ಹೋದರೆ ಮತ್ತೆ ಬರುವುದಿಲ್ಲವೆಂಬುದನ್ನೂ ಅಮ್ಮ ನನ್ನ ಬಾಯಲ್ಲೇ ಹೇಳಿಸಿದಳು.

ಅಪ್ಪ ಹೆದರಿ ಮನಸ್ಸಿನ ಡಾಕ್ಟರರನ್ನು ಹುಡುಕತೊಡಗಿದ. ಎಸ್ಪ್ಲನೇಡಿನ ಒಬ್ಬರು ಅಪ್ಪನ ಜೊತೆ ಇಂಗ್ಲಿಷಿನಲ್ಲಿ ಮಾತಾಡಿ ಅಮ್ಮನಿಗೆ ನಿದ್ದೆ ಮಾತ್ರೆ ಬರೆದರು. ಕನ್ನಡದವರೇ ಆದ ಹಿರಿಯ ಡಾಕ್ಟರೊಬ್ಬರು ಮನೆಗೆ ಬಂದು "ಹೊಂದಿಕೊಂಡು ಹೋಗಮ್ಮ" ಎಂದರು. ಅವರಿಗೆ ಅಮ್ಮ ಕಾಫಿಯನ್ನೂ ಕೇಳಲಿಲ್ಲ. ಮೂರನೆಯವರೇ ಈ ಬಂಗಾಳಿ ಡಾಕ್ಟರಮ್ಮ.

ಮೊದಲ ದಿನವೇ ಅವರು ತಮ್ಮ ಬಂಗಾಳಿ ರಾಗದ ಹಿಂದಿಯಲ್ಲಿ, "ನಾನು ನಿಮ್ಮ ಮನೆಗೆ ಸರಿಹೋಗ್ತೀನೋ ಇಲ್ವೋ ಮೊದಲು ನೋಡ್ಕೊಳ್ಳಿ. ಏನು ಬೇಕಾದ್ರೂ ಕೇಳಿ. ಆಗ್ಲಿಲ್ಲ ಅಂದ್ರೆ ಬೇರೆಯವರ ಹತ್ರ ನಾನೇ ಕಳಿಸ್ತೀನಿ" ಎಂದರು. ಡಾಕ್ಟರನ್ನೇ ಪರೀಕ್ಷೆ ಮಾಡಬಹುದೆಂಬುದು ನಮಗೆ ಹೊಸದು.

ಅಮ್ಮ ನನ್ನಿಂದ ಕೇಳಿಸಿದಳು: "ಇವರು ಯಾವತ್ತಾದ್ರೂ ಗಂಡನ ಜೊತೆ ಮಾತು ಬಿಟ್ಟಿದ್ರಾ?"

"ಆರು ತಿಂಗಳು. ಒಂದು ಕಿಟಕಿ ವಿಷಯಕ್ಕೆ."

ಯಾವ ಕಿಟಕಿ, ಗೆದ್ದವರು ಯಾರು ಎಂದು ತಿಳಿಯುವ ಆಸೆ ನನಗೆ ಇವತ್ತಿಗೂ ಹೋಗಿಲ್ಲ. ಅಮ್ಮನಂತೂ ಅಷ್ಟಕ್ಕೇ ಸಮಾಧಾನವಾಗಿ ಕುರ್ಚಿಯಲ್ಲಿ ಸರಿಯಾಗಿ ಕೂತಳು. ತನ್ನ ಸಂಕಟವನ್ನೆಲ್ಲ ಕನ್ನಡದಲ್ಲಿ ಹೇಳಿಕೊಂಡಳು. ನಾನು ಅದನ್ನು "ಅಮ್ಮನಿಗೆ ತಲೆನೋವು" ಎಂದು ಮುಗಿಸಿದೆ. ಮನೆಯಲ್ಲೂ ನಾನು ಮಾಡುತ್ತಿದ್ದುದು ಅದನ್ನೇ, ಖಾರ ತೆಗೆದು ಮಾತು ದಾಟಿಸುವುದು.

"ಅಷ್ಟುದ್ದ ಮಾತಿಗೆ ಬರೀ ತಲೆನೋವಾ?" ಎಂದ ಡಾಕ್ಟರಮ್ಮ ನನ್ನ ಕೈಗೆ ಒಂದು ಬಟ್ಟಲು ಮಂಡಕ್ಕಿ ಕೊಟ್ಟು ವರಾಂಡಕ್ಕೆ ಕಳಿಸಿದರು. "ಇದು ಮಗು ಮಾಡೋ ಕೆಲಸ ಅಲ್ಲ. ಇನ್ಮೇಲೆ ಅಪ್ಪ ಮಾಡಲಿ."

ಅವರ ಕ್ರಮ ವಿಚಿತ್ರವಾಗಿತ್ತು. ಅಮ್ಮ ಹೇಳಿದ್ದನ್ನು ಅಪ್ಪ ಹಿಂದಿಗೆ ತಿರುಗಿಸಬೇಕು. ಅವಳು 'ನಾನು' ಎಂದರೆ ಅವನೂ 'ನಾನು' ಎಂದೇ ಹೇಳಬೇಕು. ಮಂಡಕ್ಕಿ ಮರೆತು ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ.

"ಊರಿಗೆ ಹೋಗ್ತೀವಿ ಅಂತ ಎಂಟು ವರ್ಷದಿಂದ ಕಾಯ್ತಿದ್ದೆ. ನನ್ನನ್ನ ಒಂದು ಮಾತು ಕೇಳ್ಲಿಲ್ಲ" ಎಂದಳು ಅಮ್ಮ. ವರ್ಗದ ವಿಷಯದಲ್ಲಿ ಸ್ವಲ್ಪ ಬೇಜಾರಾಗಿದೆ ಎಂದು ಅಪ್ಪ ಹಿಂದಿಯಲ್ಲಿ ತೇಲಿಸಿದ. ತರಕಾರಿಯವರ ಜೊತೆ ಚೌಕಾಸಿ ಮಾಡುತ್ತಲೇ ಅಮ್ಮನಿಗೆ ಅದು ಅರ್ಥವಾಗುವಷ್ಟು ಹಿಂದಿ ಬಂದಿತ್ತು. ಥಟ್ಟನೆ ಅವನ ಕಡೆ ತಿರುಗಿ, "ನಾನು ಹಾಗೆ ಹೇಳ್ಲಿಲ್ಲ. ಸರಿಯಾಗಿ ಹೇಳಿ" ಎಂದಳು. ಐದು ತಿಂಗಳಲ್ಲಿ ಅವನಿಗೆ ನೇರವಾಗಿ ಆಡಿದ ಮೊದಲ ಮಾತು ಅದು.

ಅಪ್ಪ ಮತ್ತೆ ಶುರುಮಾಡಿದ. "ನಾನು ಎಂಟು ವರ್ಷದಿಂದ ಕಾಯ್ತಿದ್ದೆ. ನನ್ನನ್ನ ಒಂದು ಮಾತು..." ಅಲ್ಲಿಗೆ ತಡೆದು ಡಾಕ್ಟರಮ್ಮನ ಮುಖ ನೋಡಿದ. ಅವರು ನೆರವಿಗೆ ಬರಲಿಲ್ಲ. ಕೊನೆಗೆ ಅವನೇ "ಕೇಳ್ಲಿಲ್ಲ" ಎಂದು ಮುಗಿಸಿದ.

ಏಳೆಂಟು ಸಲ ಹೋದೆವು. ಜಗಳ ನಿಲ್ಲಲಿಲ್ಲ, ಆದರೆ ನನ್ನನ್ನು ಬಿಟ್ಟು ನಡೆಯಿತು. ಬೇಸಿಗೆಯಲ್ಲಿ ಹೌರಾದಿಂದ ಮೂವರೂ ಹೊರಟು, ಜೂನಿನಲ್ಲಿ ಮೂವರೂ ಮರಳಿದೆವು. ಮತ್ತೊಮ್ಮೆ ವರ್ಗದ ಕಾಗದ ಬಂದಾಗ ಅಪ್ಪ ಅದನ್ನು ಅಮ್ಮನ ಕೈಗೇ ಕೊಟ್ಟ. ಮಗಳ ಓದು ಮುಗಿಯಲಿ ಎಂದು ಆ ಸಲ ಬೇಡವೆಂದವಳು ಅಮ್ಮ. ಆ ಡಾಕ್ಟರಮ್ಮನ ಋಣ ಅವರಿಬ್ಬರಿಗಿಂತ ನನಗೇ ಹೆಚ್ಚು. ಮನೆಯಲ್ಲಿ ಮಗುವಾಗಿ ಇರಲು ನನಗೆ ಬಿಡುವು ಸಿಕ್ಕಿದ್ದು ಅವರಿಂದ.

ನಾನು ಶಾಲೆ ಮುಗಿಸಿದ ವರ್ಷ ಅವರು ತೀರಿಕೊಂಡರು. ಸುದ್ದಿ ಮೊದಲು ತಿಳಿದದ್ದು ನನಗೆ. ಅಡುಗೆಮನೆಯಲ್ಲಿದ್ದ ಅಮ್ಮನಿಗೆ ತಿಳಿಸಿ, "ಅಪ್ಪನಿಗೂ ಹೇಳ್ತೀನಿ" ಎಂದು ಹೊರಟೆ.

"ನೀನು ಬೇಡ. ನಾನೇ ಹೇಳ್ತೀನಿ" ಎಂದು ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಅವನ ಕೋಣೆಗೆ ಹೋದಳು.