ಕೆಂಪು ರೆಕ್ಕೆಯ ಪಕ್ಕದ ಬಿಳಿ ಎಳೆ

ಸೆಗಾವಾ ಚಿಜುರುವಿನ ಕಣ್ಣಿಗೆ ಸಮಾಧಾನವೆಂಬುದೇ ಇಲ್ಲ. ಕಾವಾಗುಚಿ ಸ್ಟೇಷನ್ನಿನ ಹಿಂಬದಿಯಲ್ಲಿ ಅವಳ ಅಮ್ಮ ಲಾಂಡ್ರಿ ಇಟ್ಟಿದ್ದಳು. ಗಿರಾಕಿಯ ಅಂಗಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಸೋಯಾ ಸಾಸ್ ಚೆಲ್ಲಿದ್ದೆಲ್ಲಿ, ಬೆವರು ಹಳದಿಗಟ್ಟಿದ್ದೆಲ್ಲಿ ಎಂದು ಹುಡುಕಿ ಗುರುತಿಗೆ ನೂಲು ಕಟ್ಟುವುದು ಐದನೇ ವಯಸ್ಸಿನಿಂದಲೇ ಚಿಜುರುವಿನ ಪಾಲಿನ ಕೆಲಸ. ಮೂವತ್ತನಾಲ್ಕಾದರೂ ಆ ಚಾಳಿ ಬಿಟ್ಟಿಲ್ಲ. ಟ್ರೈನಿನಲ್ಲಿ ಎದುರು ಕೂತವರ ಕಾಲರ್ ನೋಡುತ್ತಾಳೆ. ನಿದ್ದೆಹೋದ ಎರಡು ವರ್ಷದ ಮಗಳು ನಾಗಿಯ ಎದೆ ಏರಿಳಿಯುತ್ತಿದೆಯೇ ಎಂದು ನೋಡುತ್ತಾಳೆ. ನೋಡಿ ಬಂದು, ಸರಿಯಾಗಿ ನೋಡಿದೆನೇ ಎಂದು ಮತ್ತೆ ಹೋಗುತ್ತಾಳೆ.

ಹದಿನೇಳರಲ್ಲಿ ಶಾಲೆಯವರು ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗಿದ್ದಾಗ ತೊಗಾಶಿ ಎಂಬ ಹಳೆಯ ಕಲಾವಿದರ ಒಂದು ಚಿತ್ರದ ಮುಂದೆ ಅವಳ ಕಾಲು ಕಚ್ಚಿಕೊಂಡಿತ್ತು. ಕೆಂಪು ರೆಕ್ಕೆಗಳ ಒಂದು ಟೇಬಲ್ ಫ್ಯಾನು, ಅಷ್ಟೇ. ಕುಂಚದ ಗುರುತಿಲ್ಲದೆ ತಟ್ಟೆಯಂತೆ ಸಪಾಟಾಗಿ ಕೂತ ಕೆಂಪು. "ಇದನ್ನ ಯಾರು ಬಳಿದಿದ್ದು?" ಎಂದಳು. ಬಳಿದದ್ದಲ್ಲ, ಅಚ್ಚು ಹಾಕಿದ್ದು, ಅದಕ್ಕೇ ಬೇರೆ ಕೆಲಸಗಾರರಿದ್ದಾರೆ ಎಂದರು ಮೇಷ್ಟ್ರು. "ಅವರ ಹೆಸರು?" ಮೇಷ್ಟ್ರು ನಕ್ಕು ಮುಂದಿನ ಚಿತ್ರಕ್ಕೆ ನಡೆದರು. ಅವಳು ಆ ಫ್ಯಾನಿನ ಪೋಸ್ಟ್‌ಕಾರ್ಡ್ ಕೊಂಡುಕೊಂಡಳು. ಅಂದಿನಿಂದ ಅದು ಎಷ್ಟು ಮನೆ ಬದಲಾದರೂ ಫ್ರಿಜ್ಜಿನ ಬಾಗಿಲ ಮೇಲೆಯೇ.

ಇಪ್ಪತ್ತರಲ್ಲಿ ಹೊಳೆಯಾಚೆಯ ಕಾರುಬೆಯವರ ಅಚ್ಚುಮನೆ ಸೇರಿದಳು. ಬಟ್ಟೆ ಬಿಗಿದ ಚೌಕಟ್ಟಿನ ಮೇಲೆ ಬಣ್ಣ ಸುರಿದು ರಬ್ಬರ್ ಪಟ್ಟಿಯಿಂದ ಎಳೆಯುವ ಕೆಲಸ. ಒಂದು ಬಣ್ಣಕ್ಕೆ ಒಂದು ಚೌಕಟ್ಟು. ಹೇಳಿಕೊಟ್ಟವರು ಇನೊಮಾತಾ ಎಂಬ ಹಿರಿಯ. ಅವರ ಪಾಠವೆಲ್ಲ ಒಂದೇ ಮಾತು: "ಎರಡು ಬಣ್ಣದ ನಡುವೆ ಸಂದು ಕಂಡ್ರೆ ಮಾನ ಹೋದ ಹಾಗೆ." ಕೂದಲೆಳೆಯಷ್ಟು ಬಿಳಿ ಕಂಡರೂ ಹಾಳೆಯನ್ನು ಅವಳ ಮೂಗಿನ ಮುಂದೆ ಆಡಿಸುತ್ತಿದ್ದರು.

ನಾಗಿ ಹುಟ್ಟಿದ ಮೇಲೆ ರಜೆ ಮುಗಿಸಿ ಮರಳಿದಾಗ ಕಾರುಬೆ ಅವಳನ್ನು ಅಚ್ಚಿನ ಮೇಜಿಗೆ ಕರೆಯಲಿಲ್ಲ. ಹಾಳೆ ಸುತ್ತುವ, ಪೆಟ್ಟಿಗೆ ಕಟ್ಟುವ ಕೋಣೆಗೆ ಹಾಕಿದರು. "ಸ್ವಲ್ಪ ದಿನ. ಮಗು ಇದ್ದವರ ಕಿವಿ ಫೋನಿನ ಕಡೆ ಇರುತ್ತೆ. ತಪ್ಪು ಅಂತ ಅಲ್ಲ, ಇರುತ್ತೆ." ಸ್ವಲ್ಪ ದಿನ ನಾಲ್ಕು ತಿಂಗಳಾಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಇನೊಮಾತಾರ ಭುಜ ಹಿಡಿದುಕೊಂಡಿತು. ಆಗ ಒಂದು ಮಂಗಳವಾರ ಕಾರುಬೆ, "ಒಂಬತ್ತನೇ ಬಣ್ಣ ನೀನು ಎಳಿ. ನೋಡೋಣ" ಎಂದರು. ಇದು ಕೆಟ್ಟರೆ ಮತ್ತೆ ಪೆಟ್ಟಿಗೆ ಕೋಣೆಯೇ ಗತಿ.

ಕೆಲಸವೂ ಎಂಥದ್ದು! ಈಗ ಹೆಸರಾಗಿರುವ ಕುಜೆ ಎಂಬ ಕಲಾವಿದೆ ತೊಗಾಶಿಯವರಿಗೆ ನಮಸ್ಕಾರವೆಂದು ಮಾಡಿದ ಚಿತ್ರ. ಅದೇ ಕೆಂಪು ಫ್ಯಾನಿನ ಮುಂದೆ ಕುಜೆಯವರ ದುಂಡುಗಣ್ಣಿನ ಮೀನು ಹೊಟ್ಟೆ ಉಬ್ಬಿಸಿಕೊಂಡು ಕೂತಿದೆ. ಹದಿನಾರು ಬಣ್ಣ, ಒಂಬತ್ತನೆಯದೇ ಆ ಕೆಂಪು; ನೂರು ಪ್ರತಿ, ಕೆಟ್ಟರೆ ಇರಲಿ ಎಂದು ಹನ್ನೆರಡು ಹೆಚ್ಚು. ಕಲಾವಿದೆ ಒಪ್ಪಿ "ಹೀಗೇ" ಎಂದು ಬರೆದ ಮಾದರಿ ಹಾಳೆ ಗೋಡೆಯ ಮೇಲಿತ್ತು.

ಚಿಜುರು ಅದನ್ನು ಹತ್ತು ಸಲ ನೋಡಿದಳು. ಹತ್ತು ಸಲವೂ ಒಂದೇ ಜಾಗದಲ್ಲಿ ಕಣ್ಣು ಚುಚ್ಚಿತು: ಕಪ್ಪು ಗೆರೆಗೂ ಕೆಂಪು ರೆಕ್ಕೆಗೂ ನಡುವೆ, ಎಡಬದಿಯಲ್ಲಿ, ಅರ್ಧ ಮಿಲಿಮೀಟರ್ ಬಿಳಿ. ಮಾದರಿ ಎಳೆಯುವಾಗಲೇ ಇನೊಮಾತಾರ ಭುಜ ನೋಯುತ್ತಿತ್ತೇನೋ, ಪಾಪ. "ಹೀಗೇ" ಎಂದದ್ದು ಬಣ್ಣದ ಮಾತಿರಬೇಕು. ಕೇಳೋಣವೆಂದರೆ ಕಾರುಬೆ ಆಗಲೇ ಪರಊರಿಗೆ ಹೊರಟುಹೋಗಿದ್ದರು. ಇನೊಮಾತಾ ಭುಜಕ್ಕೆ ಒಂದು ದಿನ ಬಿಡುವು ಕೊಟ್ಟು ಬರುವುದು ಬುಧವಾರ. ಕಾಗದ ತಾಗಿ ನಿಲ್ಲುವ ತಡೆಪಟ್ಟಿಯನ್ನು ಅರ್ಧ ಮಿಲಿಮೀಟರ್ ಸರಿಸಿದಳು. ಕೆಂಪು ಹೋಗಿ ಗೆರೆಯನ್ನು ಮುಟ್ಟಿತು. ನೂರಹನ್ನೆರಡು ಹಾಳೆಯಲ್ಲೂ ಒಂದೇ ಥರ, ಒಂದು ಕೂದಲೂ ತೂರದ ಹಾಗೆ. ತಿಂಗಳುಗಳ ಮೇಲೆ ಅವಳ ಕೈ ಅವಳ ಮಾತು ಕೇಳಿತ್ತು.

ಕೊನೆಯ ಹಾಳೆ ಒಣಗುವ ತಟ್ಟೆಗೆ ಹೋಗುವಷ್ಟರಲ್ಲಿ ಶಿಶುವಿಹಾರದ ಫೋನು. ಮಗುವಿನ ಮೈಬಿಸಿ ಮೂವತ್ತೇಳೂವರೆ ಡಿಗ್ರಿ ದಾಟಿದರೆ ಅವರು ಕರೆಯುತ್ತಾರೆ. ಜ್ವರ ಬಿಟ್ಟು ಒಂದು ಇಡೀ ದಿನ ಕಳೆಯುವ ತನಕ ಮಗುವನ್ನು ಸೇರಿಸಿಕೊಳ್ಳುವುದಿಲ್ಲ. "ಅಮ್ಮಾ, ನಾಗಿ ಚಾನ್‌ಗೆ ಮೂವತ್ತೇಳು ಒಂಬತ್ತು." ಚಿಜುರು ಉಗುರಿನಲ್ಲಿ ಕೆಂಪು ಬಣ್ಣವಿದ್ದಂತೆಯೇ ಓಡಿದಳು.

ಬುಧವಾರ ಬೆಳಿಗ್ಗೆ ರೈಲು ಹಳಿ ರಿಪೇರಿಯ ರಾತ್ರಿ ಪಾಳಿ ಮುಗಿಸಿ ಬಂದ ಗಂಡ ಒಳಗೆ ಮಲಗಿದ್ದ. ಚಿಜುರು ನಾಗಿಯನ್ನು ಬೆನ್ನಿಗೆ ಕಟ್ಟಿಕೊಂಡು ಬಾರ್ಲಿ ಚಹಾ ತೆಗೆಯಲು ಫ್ರಿಜ್ಜಿನ ಹತ್ತಿರ ಹೋದಳು. ನಾಗಿ ಬೆನ್ನ ಮೇಲಿಂದಲೇ ಕೈ ಚಾಚಿ ಪೋಸ್ಟ್‌ಕಾರ್ಡನ್ನು ಕಿತ್ತಳು. "ಬೇಡ ಪುಟ್ಟಿ, ಕೊಡು" ಎಂದು ಬಿಡಿಸಿಕೊಂಡಾಗ ಕಾರ್ಡು ಕಣ್ಣಿಗೆ ಒಂದು ಗೇಣು ದೂರದಲ್ಲಿತ್ತು.

ರೆಕ್ಕೆಯ ಎಡಬದಿಯಲ್ಲಿ ಬಿಳಿ ಎಳೆ.

ಹದಿನೇಳು ವರ್ಷ ದಿನಾ ನೋಡಿದ ಕಾರ್ಡು. ಅಗ್ಗದ ಕಾರ್ಡಿನ ಅಚ್ಚು ಕೆಟ್ಟಿದೆ ಎಂದೇ ಅಂದುಕೊಂಡಿದ್ದಳು. ಭೂತಗನ್ನಡಿ ಹಿಡಿದಳು. ಅದೇ ಜಾಗ, ಕಾರ್ಡಿನ ಅಳತೆಗೆ ತಕ್ಕಂತೆ ಅದೇ ಎಳೆ. ಸಂದು ತೊಗಾಶಿಯವರದು. ಕುಜೆ ಬೇಕೆಂದೇ ಉಳಿಸಿಕೊಂಡದ್ದು. ನಮಸ್ಕಾರ ಇದ್ದದ್ದೇ ಅಲ್ಲಿ, ತಾನು ಅದನ್ನು ಮುಚ್ಚಿ ಬಂದಿದ್ದಳು.

ಗಂಟೆ ಎಂಟೂ ಮುಕ್ಕಾಲು. ಒಂಬತ್ತಕ್ಕೆ ಇನೊಮಾತಾ ಅದೇ ಹಾಳೆಗಳ ಮೇಲೆ ಹತ್ತನೇ ಬಣ್ಣ ಎಳೆಯಲು ನಿಲ್ಲುತ್ತಾರೆ. ಅವರ ಕಣ್ಣಿಗೆ ಪೊರೆ, ಕಾಣಲಿಕ್ಕಿಲ್ಲ. ಕಾರುಬೆ ನೋಡುವುದು ಬಣ್ಣವನ್ನೇ. ಸುಮ್ಮನಿದ್ದರೆ? ಹಾಲು ಬಿಸಿ ಮಾಡಿದಳು, ಆರಿಸಿದಳು, ಮತ್ತೆ ಬಿಸಿ ಮಾಡಿದಳು. ನಾಗಿಯ ಹಣೆ ಮುಟ್ಟಿದಳು. ಬೆವರು ಮಗುವಿನದೋ ತನ್ನ ಕೈಯದೋ ಗೊತ್ತಾಗಲಿಲ್ಲ. ಕುಜೆ ಸಹಿ ಹಾಕಲು ಬಂದು ಬಗ್ಗಿ ನೋಡಿದರೆ? ನೋಡದಿದ್ದರೆ? ನೋಡದಿದ್ದರೆ ಇನ್ನೂ ಕಷ್ಟ. ನೂರು ಗೋಡೆಯ ಮೇಲೆ ಅದು ಇರುತ್ತದೆ, ತನಗೊಬ್ಬಳಿಗೇ ಕಾಣುತ್ತದೆ.

ಫೋನ್ ಮಾಡಿದಳು. ಎತ್ತಿದವರು ಇನೊಮಾತಾ.

"ಇನೊಮಾತಾ ಸಾನ್, ಹತ್ತನೇ ಬಣ್ಣ ಶುರು ಮಾಡಿದ್ರಾ?"

"ಡಬ್ಬ ಕಲಸ್ತಾ ಇದೀನಿ. ಮಗು ಹೇಗಿದೆ?"

"ಮೂವತ್ತೆಂಟು ಒಂದು. ಡಬ್ಬ ಮುಚ್ಚಿಬಿಡಿ."

"ಇದೊಳ್ಳೇ ಕಥೆಯಾಯ್ತಲ್ಲಮ್ಮ. ನಿನ್ನ ಮಗೂಗೆ ಜ್ವರ ಬಂದ್ರೆ ನನ್ನ ಡಬ್ಬ ಯಾಕೆ ಮುಚ್ಚಬೇಕು?"

ಅವಳು ಹೇಳಿದಳು. ಉಸಿರು ಬಿಡದೆ, ತಡೆಪಟ್ಟಿ ಸರಿಸಿದ್ದರಿಂದ ಪೋಸ್ಟ್‌ಕಾರ್ಡಿನವರೆಗೆ. ಆ ಕಡೆ ಚಪ್ಪಲಿ ಎಳೆದ ಸದ್ದು. ಹಾಳೆ ಎತ್ತುವ ಸದ್ದು. ಒಂದು, ಇನ್ನೊಂದು, ಮತ್ತೊಂದು.

"ಮುಚ್ಚಿಬಿಟ್ಟಿದೀಯ" ಎಂದರು ಬಂದು. "ಚೆನ್ನಾಗಿ ಮುಚ್ಚಿದೀಯ. ನನ್ನ ಕೈಲೂ ಇಷ್ಟು ಚೆನ್ನಾಗಿ ಆಗ್ತಿರಲಿಲ್ಲ."

"ಸಂದು ಕಂಡ್ರೆ ಮಾನ ಹೋದ ಹಾಗೆ ಅಂತ ನೀವೇ ಅಲ್ವಾ ತಲೆ ತಿಂದಿದ್ದು!" ಎಂದಳು.

ಆ ಕಡೆ ಹಾಳೆಯನ್ನು ಮತ್ತೆ ತಟ್ಟೆಗಿಟ್ಟ ಸದ್ದು.

"ಆ ಸಂದು ನಂದು ಕಣಮ್ಮ" ಎಂದರು ಇನೊಮಾತಾ. "ಎಪ್ಪತ್ತೊಂದನೇ ಇಸವಿ. ಬೇರೆ ಅಚ್ಚುಮನೇಲಿದ್ದೆ. ದೊಡ್ಡ ಮಗನಿಗೆ ನಾಯಿಕೆಮ್ಮು, ಮೂರು ದಿನದಿಂದ ಕಣ್ಣು ಮುಚ್ಚಿರಲಿಲ್ಲ. ತಡೆಪಟ್ಟಿ ಸಡಿಲಾಗಿದ್ದು ಗೊತ್ತಾಗಿದ್ದು ಎಲ್ಲ ಎಳೆದಾದ ಮೇಲೆ."

"ಹೇಳಿದ್ರಾ?"

"ಎಲ್ಲಿಂದ ಹೇಳ್ಲಿ. ಬಾಯಿಗೆ ಬೀಗ. ತೊಗಾಶಿ ಸೆನ್ಸೈ ಸಹಿ ಹಾಕೋಕೆ ಬಂದ್ರು. ಬಗ್ಗಿ ನೋಡಿದ್ರು. 'ಇಲ್ಲಿ ಗಾಳಿ ಆಡ್ತಾ ಇದೆ' ಅಂದ್ರು. ಸಹಿ ಹಾಕಿ ಹೋದ್ರು. ನಾನು ಹಿಂದೆ ನಿಂತು ಬೆವೀತಾ ಇದ್ದೆ."

"ಅವರಿಗೆ ತಪ್ಪು ಅಂತ ಗೊತ್ತಾಗಿತ್ತಾ?"

"ಐವತ್ತು ವರ್ಷದಿಂದ ನಾನೂ ಅದನ್ನೇ ಕೇಳ್ಕೋತಾ ಇದೀನಿ. ಯಾರನ್ನ ಕೇಳೋದು, ಹೋಗಿಬಿಟ್ರು. ತಾಳು, ಯಜಮಾನರು ಬಂದ್ರು. ಅವರಿಗೂ ನೀನೇ ಹೇಳು."

ಕಾರುಬೆ ಎಲ್ಲ ಕೇಳಿ, "ಆಯ್ತು" ಎಂದಷ್ಟೇ ಹೇಳಿ ಫೋನ್ ಇಟ್ಟರು. ಬೈದಿದ್ದರೆ ವಾಸಿಯಿತ್ತು. ಮಧ್ಯಾಹ್ನದವರೆಗೆ ಚಿಜುರು ಗಂಜಿ ಮಾಡಿದಳು, ಒರೆಸಿದ ಮೇಜನ್ನೇ ಒರೆಸಿದಳು, ಫೋನು ಸತ್ತಿದೆಯೇ ಎಂದು ನೋಡಿದಳು. ಒಂದೂವರೆಗೆ ಅದು ಬಡಿದುಕೊಂಡಿತು.

"ಕುಜೆ ಸಾನ್ ಜೊತೆ ಮಾತಾಡ್ದೆ" ಎಂದರು ಕಾರುಬೆ. "ಮೀನು ಆಮೇಲೆ ಬಂದಿದ್ದಂತೆ. ಅವರು ಮೊದಲು ಬರ್ಕೊಂಡಿದ್ದೇ ಆ ಸಂದನ್ನ. ಮೊದಲನೇ ಬಣ್ಣದಿಂದ ಎಲ್ಲ ಮತ್ತೆ. ಸಹಿ ತಿಂಗಳ ಕೊನೆಗೆ ಹೋಯ್ತು."

"ಕ್ಷಮಿಸಿ. ನನ್ನಿಂದ..."

"ಹದಿನಾರೂ ಮುಗಿದ ಮೇಲೆ ಅವರೇ ಹಿಡಿದಿದ್ರೆ ನಾನು ಅಂಗಡಿ ಮುಚ್ಚಬೇಕಿತ್ತು. ಹಾಗಂತ ಹೊಗಳ್ತಾ ಇದೀನಿ ಅಂದ್ಕೋಬೇಡ. ಹಾಳೆ ಹಾಗೇ ಇಟ್ಟಿರ್ತೀನಿ."

ಹಾಳು ಮಾಡಿದವರೇ ಹರಿಯಬೇಕು. ಆ ಮನೆಯ ರಿವಾಜು ಅದು. ಸೋಮವಾರ ಚಿಜುರು ನಿಂತು ನೂರಹನ್ನೆರಡನ್ನೂ ಅಡ್ಡಕ್ಕೆ ಹರಿದಳು. ದಪ್ಪ ಕಾಗದ, ಹೆಬ್ಬೆರಳ ಬುಡ ಊದಿಕೊಂಡಿತು. ಕೆಂಪನ್ನು ಈ ಸಲ ಯಾರು ಎಳೆಯುತ್ತಾರೆ ಎಂದು ಕೇಳುವ ಧೈರ್ಯ ಅವಳಿಗಿರಲಿಲ್ಲ. ಪೆಟ್ಟಿಗೆ ಕೋಣೆಗೆ ಹೋಗಿ ದಾರ ಕತ್ತರಿಸುತ್ತ ಕೂತಳು. ಒಂದು, ಎರಡು, ಐದು, ಎಂಟು ಎಂದು ಬೇರೆಯವರ ಕೈಯಲ್ಲಿ ಬಣ್ಣಗಳು ಏರುವುದನ್ನು ಬಾಗಿಲ ಸಂದಿಯಿಂದ ನೋಡಿದಳು.

ಎರಡು ವಾರದ ಮೇಲೆ ಒಂದು ಬೆಳಿಗ್ಗೆ ಗೋಡೆಯ ಕರಿಹಲಗೆಯಲ್ಲಿ ಒಂಬತ್ತರ ಮುಂದೆ ಕಾರುಬೆಯವರ ವಕ್ರ ಅಕ್ಷರದಲ್ಲಿ "ಸೆಗಾವಾ" ಎಂದಿತ್ತು. ಅವಳು ಅದನ್ನು ಎರಡು ಸಲ ಓದಿ, ಇನ್ಯಾವ ಸೆಗಾವಾನೂ ಇಲ್ಲಿಲ್ಲವಲ್ಲ ಎಂದು ಲೆಕ್ಕ ಹಾಕಿ, ಏಪ್ರನ್ ಕಟ್ಟಿಕೊಂಡಳು. ಫೋನನ್ನು ಕಿಟಕಿಯ ಕಟ್ಟೆಯ ಮೇಲೆ ಮುಖ ಮೇಲಾಗಿಟ್ಟಳು.

ತಡೆಪಟ್ಟಿ ಕೂರಿಸಿ ಮೊದಲ ಹಾಳೆ ಎಳೆದಳು. ಬಿಳಿ ಎಳೆ ಬಿತ್ತು, ಅರ್ಧ ಮಿಲಿಮೀಟರ್, ಮಾದರಿಯಲ್ಲಿದ್ದ ಹಾಗೇ. ಅವಳ ಹೆಬ್ಬೆರಳು ತನ್ನಷ್ಟಕ್ಕೆ ಪಟ್ಟಿಯ ಕಡೆ ಹೋಯಿತು.

"ಕೈ ತೆಗಿ" ಎಂದರು ಪಕ್ಕದಲ್ಲಿ ನಿಂತಿದ್ದ ಇನೊಮಾತಾ.

"ತುರಿಸುತ್ತೆ ಇನೊಮಾತಾ ಸಾನ್."

"ನಂಗೂ ತುರಿಸುತ್ತೆ. ತೆಗಿ."

ಫೋನು ಮಿನುಗಿತು. ಶಿಶುವಿಹಾರ. "ಅಮ್ಮಾ, ನಾಗಿ ಚಾನ್‌ಗೆ ಮೂವತ್ತೇಳು ನಾಲ್ಕು. ಬರಬೇಕಾಗಿಲ್ಲ, ಸುಮ್ನೆ ತಿಳಿಸೋಣ ಅಂತ."

ಚಿಜುರು ಫೋನನ್ನು ಮತ್ತೆ ಮುಖ ಮೇಲಾಗಿಯೇ ಇಟ್ಟಳು. ಕಾರುಬೆ ಆ ಕಡೆಯಿಂದ ಕತ್ತೆತ್ತಿ ನೋಡುತ್ತಿದ್ದರು. ಅವಳು ಎರಡನೇ ಹಾಳೆಯನ್ನು ತಡೆಪಟ್ಟಿಗೆ ತಾಗಿಸಿ, ರಬ್ಬರ್ ಪಟ್ಟಿ ಹಿಡಿದು, ಎಳೆದಳು.