ಕೊನೆಯಲ್ಲಿ ನಡೆಯುವವಳು

ಅಲ್ಲಾಳಸಂದ್ರದ ಕೆರೆಯ ಗೇಟಿನ ಬಳಿ ಬೆಳಿಗ್ಗೆ ಒಬ್ಬ ಸೊಪ್ಪಿನ ಗಾಡಿ ನಿಲ್ಲಿಸಿಕೊಂಡಿರುತ್ತಾನೆ. ಮೊನ್ನೆ ದಟ್ಟ ಮಂಜು. ನೀರು ಚಿಮುಕಿಸಿದ ಕೊತ್ತಂಬರಿಯ ವಾಸನೆ ಮೂಗಿಗೆ ಬಡಿದದ್ದೇ ನನ್ನ ಬೆನ್ನು ಜುಮ್ಮೆಂದಿತು. ಕೊತ್ತಂಬರಿಗೆ ಹೆದರುವ ಮುದುಕಿಯನ್ನು ನೀವು ಬೇರೆಲ್ಲೂ ಕಂಡಿರಲಾರಿರಿ. ಏನು ಮಾಡಲಿ, ಆ ವಾಸನೆಯೂ ಮಂಜೂ ಒಟ್ಟಿಗೆ ಬಂದರೆ ನನ್ನ ಹಿಂದೆ ಯಾರೋ ನಡೆಯುತ್ತಾರೆ. ನಾನು ಹರೆಯದ ಸೊಸೆಯಾಗಿದ್ದಾಗಿನಿಂದಲೂ ನಡೆಯುತ್ತಿದ್ದಾರೆ.

ಐವತ್ತರ ದಶಕದ ಕೊನೆಯಲ್ಲಿ ನಾನು ಈ ಊರಿಗೆ ಬಂದಾಗ ಕೆರೆಗೆ ಬೇಲಿ ಇರಲಿಲ್ಲ, ದೀಪ ಇರಲಿಲ್ಲ. ನಮ್ಮ ಕೇರಿಯ ಹೆಂಗಸರು ಬೆಳಕು ಹರಿಯುವ ಹೊತ್ತಿಗೆ ಸೊಪ್ಪಿನ ಮಂಕರಿ ತಲೆಗೇರಿಸಿ, ಕೆರೆಯ ಏರಿಯ ಮೇಲೆ ಸಾಲಾಗಿ ನಡೆದು, ಯಲಹಂಕದಲ್ಲಿ ರೈಲು ಹಿಡಿದು ಯಶವಂತಪುರಕ್ಕೆ ಮಾರಲು ಹೋಗುತ್ತಿದ್ದರು; ನಾನೂ ಅವರ ಜೊತೆ ಸೇರಿಕೊಂಡೆ. ಏರಿ ಕಿರಿದು; ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಕೆಳಗೆ ಗದ್ದೆ. ತಲೆಯ ಮೇಲೆ ಹೊರೆ ಇದ್ದವರು ಕತ್ತು ತಿರುಗಿಸುವಂತಿಲ್ಲ. ಅದಕ್ಕೆ ಅವರದೊಂದು ಕಟ್ಟುಪಾಡು. ಏರಿ ಹತ್ತುವ ಮುಂಚೆ ಮುಂದಿನವಳಿಂದ ಶುರುವಾಗಿ ಒಬ್ಬೊಬ್ಬರೂ "ಇವ್ನಿ", ಅಂದರೆ ಇದ್ದೇನೆ, ಎನ್ನಬೇಕು. ಕೊನೆಯವಳು "ನಾನೂ ಇವ್ನಿ, ನಡೀರಿ" ಎಂದ ಮೇಲೆಯೇ ಮೊದಲ ಹೆಜ್ಜೆ. ಆ ಮಾತು ಬರದಿದ್ದರೆ ಅಂದಿನ ಸೊಪ್ಪು ಬಾಡಿದರೂ ಸರಿ, ಅಂದಿನ ಒಲೆ ಹೊತ್ತದಿದ್ದರೂ ಸರಿ, ಯಾರೂ ಏರಿ ಹತ್ತುತ್ತಿರಲಿಲ್ಲ.

ಆ ಕೊನೆಯವಳು ನನ್ನ ಮಾವನ ಅಕ್ಕ. ನಾನು ದೊಡ್ಡತ್ತೆ ಎನ್ನುತ್ತಿದ್ದೆ. ಬರಿಗಾಲು, ಎಡಗಾಲನ್ನು ಸ್ವಲ್ಪ ಎಳೆದು ನಡೆಯುತ್ತಿದ್ದಳು. ಧಪ್, ಸರ್ರ್. ಧಪ್, ಸರ್ರ್. ಇಡೀ ಗುಂಪು ಅವಳ ಮಾತು ಮೀರುತ್ತಿರಲಿಲ್ಲ. ತವರಿನಲ್ಲಿ ನಾಲ್ಕಕ್ಷರ ಕಲಿತ ಜಂಬ ನನಗೆ. ಒಡೆಯರಾದವರು ಮುಂದೆ ಎದೆ ಸೆಟೆಸಿ ನಡೆಯಬೇಕೆಂದು ನಂಬಿದ್ದವಳು. ಒಂದು ದಿನ ಕೇಳಿಯೇ ಬಿಟ್ಟೆ.

"ಎಲ್ರಿಗಿಂತ ದೊಡ್ಡೋರು ನೀವು. ಮುಂದೆ ನಡೀಬಾರ್ದಾ?"

"ಮುಂದಿರೋಳ್ಗೆ ದಾರಿ ಕಂಡ್ರೆ ಸಾಕು ಕಣಮ್ಮಿ. ಯಾರ್ ಬಿದ್ರು ಅಂತ ಗೊತ್ತಾಗೋದು ಇಂದಿರೋಳ್ಗೇಯ" ಎಂದಳು.

ರೈಲಿನಲ್ಲೂ ಹಾಗೆಯೇ. ಎಲ್ಲರ ಮಂಕರಿಗಳನ್ನು ಮೇಲೆ ನೂಕಿ, ಎಲ್ಲರನ್ನೂ ಹತ್ತಿಸಿ, ಆಮೇಲೆ ತಾನು. ಒಮ್ಮೆ ಅಷ್ಟರಲ್ಲಿ ರೈಲು ಅವಳನ್ನು ಬಿಟ್ಟು ಹೊರಟೇ ಹೋಯಿತು. ಬೈಯುತ್ತಾಳೆಂದುಕೊಂಡಿದ್ದೆವು. ಮನೆಗೆ ಬಂದು ತನ್ನ ಸೊಪ್ಪನ್ನು ಎಮ್ಮೆಗೆ ಹಾಕಿ, ಸಂಜೆ ನಮ್ಮನ್ನೇ "ವ್ಯಾಪಾರ ಚೆಂದಾಗಾಯ್ತಾ?" ಎಂದು ಕೇಳಿದಳು.

ಒಂದು ಮಳೆಗಾಲದಲ್ಲಿ ಜ್ವರ ಅವಳನ್ನು ತೆಗೆದುಕೊಂಡು ಹೋಯಿತು. ಹೋಗುವ ಮುಂಚೆ ಹೆಂಗಸರನ್ನು ಕರೆದು, "ನಮ್ ತಮ್ಮನ್ ಸೊಸೆ ಇಂದೆ ಬರ್ಲಿ" ಎಂದಳು. ಅವರಿಗೆ ಸಾಯುವವಳ ಹಾಸಿಗೆಯ ಮುಂದೂ ನಗು ಬಂದಿರಬೇಕು. ಹಲ್ಲಿ ಲೊಚಗುಟ್ಟಿದರೆ ಬೆಚ್ಚುವವಳು ನಾನು.

"ಅವ್ಳು ಪುಕ್ಲಿ ಕಣಕ್ಕ" ಎಂದರು ಯಾರೋ.

"ಅದುಕ್ಕೇಯ. ಎದರೋಳ್ಗೆ ಕಿವಿ ಚುರುಕು."

ನಾನು ಮೊದಲ ಸಲ ಕೊನೆಯಲ್ಲಿ ನಿಂತ ಬೆಳಿಗ್ಗೆ ಕೆರೆಯೇ ಕಾಣದಷ್ಟು ಮಂಜು. "ನಾನೂ ಇವ್ನಿ" ಎಂದೆ. ದನಿ ನನಗೇ ಕೇಳಿಸಲಿಲ್ಲ. ಹೇಗೋ ಸಾಲು ಹೊರಟಿತು. ಏರಿಯ ನಡುವೆ ಬಂದಾಗ ಹಿಂದಿನಿಂದ ಕೇಳಿಸಿತು. ಧಪ್, ಸರ್ರ್. ನಾನು ಬಿರುಸಾದರೆ ಅದೂ ಬಿರುಸು, ನಿಧಾನವಾದರೆ ಅದೂ ನಿಧಾನ. ತಲೆಯ ಮೇಲೆ ಮಂಕರಿ, ತಿರುಗುವಂತಿಲ್ಲ. ಯಶವಂತಪುರದಲ್ಲಿ ಆ ದಿನ ಯಾರಿಗೆ ಏನು ಮಾರಿದೆನೋ ಗೊತ್ತಿಲ್ಲ. ಮನೆಗೆ ಬಂದು, ನಾನಿನ್ನು ಹಿಂದೆ ನಿಲ್ಲಲಾರೆ ಎಂದು ಅತ್ತುಬಿಟ್ಟೆ. ನೀನು ಬಿಟ್ಟರೆ ಬೇರೆ ಯಾರೂ ಒಪ್ಪುತ್ತಿಲ್ಲ ಎಂದರು ಕೇರಿಯ ಹೆಂಗಸರು. ಅವರಿಗೂ ಆ ಜಾಗದ ಭಯ. ಹೀಗೆ ಹೇಡಿಯೊಬ್ಬಳು ಹೆಂಗಸರ ಗುಂಪಿಗೆ ಯಜಮಾನಿಯಾದಳು. ಆ ಸದ್ದು ನಿಂತರೆ ಸಾಕೆಂದು ಊರ ದೇವರಿಗೆ ಹರಕೆ ಹೊತ್ತೆ.

ಒಂದು ಬೆಳಿಗ್ಗೆ ನಿಂತಿತು. ಬಾಯಲ್ಲಿ ದೇವರ ಹೆಸರು, ಕಿವಿಯೆಲ್ಲ ಹಿಂದಕ್ಕೆ ಇಟ್ಟುಕೊಂಡು ನಡೆಯುತ್ತಿದ್ದೆ. ಥಟ್ಟನೆ ಹೆಜ್ಜೆ ಇಲ್ಲ. ಇದ್ದಾಗಿನದಕ್ಕಿಂತ ಹೆಚ್ಚು ಭಯವಾಯಿತು. ದೊಡ್ಡತ್ತೆ ಸುಮ್ಮನೆ ನಿಲ್ಲುವವಳಲ್ಲ.

"ನಿಂತ್ಕಳ್ರೀ ಎಲ್ರೂ" ಎಂದು ಕೂಗಿದೆ. "ಯಾರ್ಯಾರ್ ಇದೀರ ಹೇಳಿ."

ಮುಂದಿನಿಂದ ಒಂದೊಂದಾಗಿ "ಇವ್ನಿ" ಬಂತು. ನನ್ನ ಮುಂದಿದ್ದ ಖೈರುನ್ ಬೀಯ ದನಿ ಮಾತ್ರ ಬರಲಿಲ್ಲ. ಮೊಟ್ಟೆಯ ಬುಟ್ಟಿ ಹೊತ್ತು ನಮ್ಮ ಜೊತೆ ಬರುತ್ತಿದ್ದ ವಾಚಾಳಿ ಅವಳು. ಮಂಕರಿ ಇಳಿಸಿ, ಮೊದಲ ಬಾರಿಗೆ ಹಿಂದೆ ತಿರುಗಿದೆ. ಏರಿ ಬರಿದಾಗಿತ್ತು. ಹೆಜ್ಜೆ ನಿಂತ ಜಾಗಕ್ಕೆ ಹೋಗಿ ಬಗ್ಗಿದರೆ, ಕೆಳಗೆ ನೀರಿನಲ್ಲಿ ಎದೆಯವರೆಗೆ ಮುಳುಗಿ ಖೈರುನ್ ಬೀ ಜೊಂಡು ಹಿಡಿದು ನೇತಾಡುತ್ತಿದ್ದಳು. ಮುಂದಿದ್ದವಳು ಜಾರಿದ್ದು ಮಂಜಿನಲ್ಲಿ ತಿಳಿಯದೆ ನಾನು ಅವಳನ್ನು ದಾಟಿ ಹೋಗಿದ್ದೆ. ಬಾಯಿ ತೆರೆದಿತ್ತು, ದನಿ ಇರಲಿಲ್ಲ. ಸೀರೆಯ ಸೆರಗುಗಳನ್ನು ಗಂಟು ಹಾಕಿ ಇಳಿಬಿಟ್ಟು ಎಳೆದುಕೊಂಡೆವು.

ನಡುಗುತ್ತಲೇ ಹೇಳಿದಳು: "ನೀನು ಬರೋಗಂಟ ಮೇಲೆ ಯಾರೋ ನಿಂತಿದ್ರು ಬೆಹೆನ್. ಅದಕ್ಕೇ ಕೈ ಬಿಡ್ಲಿಲ್ಲ ನಾನು."

ಮರುದಿನದಿಂದ ನನ್ನ "ನಾನೂ ಇವ್ನಿ, ನಡೀರಿ" ಏರಿಯ ಆಚೆಗೂ ಕೇಳುತ್ತಿತ್ತಂತೆ. ಕಿವಿಯನ್ನು ಹಿಂದಿನಿಂದ ಮುಂದಕ್ಕೆ ತಿರುಗಿಸಿಕೊಂಡೆ. ಯಾರು ಉಣ್ಣದೆ ಬಂದಿದ್ದಾಳೆ, ಯಾರ ಮನೆಯಲ್ಲಿ ರಾತ್ರಿ ಜಗಳವಾಗಿದೆ ಎಂಬುದು ಅವರವರ ನಡಿಗೆಯಲ್ಲೇ ತಿಳಿಯತೊಡಗಿತು. ಭಯ ಹೋಯಿತೆಂದು ಮಾತ್ರ ತಿಳಿಯಬೇಡಿ. ಅದನ್ನು ಕೆಲಸಕ್ಕೆ ಹಚ್ಚಿದೆ, ಅಷ್ಟೆ.

ಈಗ ಅದೇ ಏರಿಯ ಮೇಲೆ ಕಲ್ಲು ಹಾಸಿದ್ದಾರೆ. ಬಡಾವಣೆಯ ಹೆಂಗಸರ ಜೊತೆ ನಾನೂ ಕ್ಯಾನ್ವಾಸ್ ಶೂ ಹಾಕಿಕೊಂಡು ಸುತ್ತುತ್ತೇನೆ, ಕೊನೆಯವಳಾಗಿ. ಮೊನ್ನೆ ಮಂಡಿ ನೋವು ತಡೆಯಲಾರದೆ, ಯಾರಿಗೂ ಹೇಳದೆ ಗೇಟಿನ ಬೆಂಚಿನ ಮೇಲೆ ಕೂತುಬಿಟ್ಟೆ. ಅವರು ಸುತ್ತು ಮುಗಿಸಿ ಮಂಜಿನೊಳಗಿಂದ ಬಂದರು. ಎಲ್ಲರಿಗಿಂತ ಹಿಂದೆ ಶೋಭಾ. ನಾಯಿ ಬೊಗಳಿದರೆ ನನ್ನ ತೋಳು ಹಿಡಿಯುವ ಹುಡುಗಿ. ಅವಳ ಹೆಗಲಿಗೆ ಒರಗಿಕೊಂಡು ನಮ್ಮ ಗುಂಪಿನ ಸುಮಿತ್ರಮ್ಮ ಬರುತ್ತಿದ್ದರು. ನನ್ನನ್ನು ಕಂಡು ಶೋಭಾ ನಿಂತುಬಿಟ್ಟಳು.

"ಅಜ್ಜಿ, ನೀವಿಲ್ಲಿ? ನನ್ನ ಹಿಂದೇನೇ ಬರ್ತಿದ್ರಲ್ಲ. ಶೂ ಬಿಚ್ಚಿ ಬರಿಗಾಲಲ್ಲಿ, ಕಾಲು ಎಳ್ಕೊಂಡು."

"ತಿರುಗಿ ನೋಡಿದ್ಯಾ?"

"ಇಲ್ಲ. ಯಾಕೋ ನೋಡ್ಬಾರ್ದು ಅನ್ನಿಸ್ತು. ಮಧ್ಯದಲ್ಲಿ ಸದ್ದು ನಿಂತೋಯ್ತು, ನಾನೂ ನಿಂತೆ. ಪಕ್ಕಕ್ಕೆ ನೋಡಿದ್ರೆ ಸುಮಿತ್ರಮ್ಮ ತಲೆ ಸುತ್ತಿ ನೀರಿನ ಪಕ್ಕ ಕೂತಿದ್ರು."

ನನಗೆ ಹೆದರಿಕೆ ಆಗಬೇಕಿತ್ತು. ಆದದ್ದು ಹೊಟ್ಟೆಕಿಚ್ಚು. ನನಗೊಂದು ಮಾತು ಹೇಳದೆ ಇವಳ ಹಿಂದೆ ಹೋದಳಲ್ಲ ದೊಡ್ಡತ್ತೆ.

"ನಾಳೆಯಿಂದ ಕೊನೇಲಿ ನೀನೇ ಬಾಮ್ಮ" ಎಂದೆ ಶೋಭಾಳಿಗೆ.

ಗಾಡಿಯವನ ಹತ್ತಿರ ಒಂದು ಕಟ್ಟು ಸೊಪ್ಪು ತೆಗೆದುಕೊಂಡು ಆ ಮಂಜಿನಲ್ಲೇ ಮನೆಯ ಕಡೆ ನಡೆದೆ. ಕಿವಿಗೊಟ್ಟೇ ನಡೆದೆ. ನನ್ನ ಶೂಗಳ ಸದ್ದು ಬಿಟ್ಟರೆ ಹಿಂದೆ ಏನೂ ಇರಲಿಲ್ಲ. ನಿಂತು, ಕಟ್ಟನ್ನು ಮೂಗಿಗೆ ಹಿಡಿದು ನೋಡಿದೆ. ಬರೀ ಕೊತ್ತಂಬರಿಯ ವಾಸನೆ.